ನನ್ನ ಬಗ್ಗೆ ನಾನೇ ಹೇಳಿದ ಚಾಡಿ

ಕೆಲಸ ಹೋದ ಮೇಲೆ ಸಿಗಬಹುದಾಗಿದ್ದ ಹೊಸ ಕೆಲಸಕ್ಕೆ ಕಲ್ಲು ಹಾಕಿದವನು ಬೇರೆ ಯಾರೂ ಅಲ್ಲ, ನಾನೇ. ಅದೂ ಹಾಡುಹಗಲಲ್ಲಿ, ನಮ್ಮೂರು ಇಂಡಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ, ನಮ್ಮ ಓಣಿಯ ಹಿರಿಯರೊಬ್ಬರ ಗಂಟಲನ್ನು ಕಡ ತಂದುಕೊಂಡು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಬಹಳ ಮಂದಿಯನ್ನು ಅನುಮಾನಿಸುವವನಿದ್ದೇನೆ. ಅನುಮಾನಿಸಬೇಕಾಗಿದ್ದ ಆಸಾಮಿ ಯಾರೆಂಬುದು ನಿಮಗಾದರೂ ಗೊತ್ತಿರಲಿ.

ನಾನು ಕೆಲಸಕ್ಕಿದ್ದ ಸಾಫ್ಟ್‌ವೇರ್ ಕಂಪನಿಯ ಕಟ್ಟಡವನ್ನು ನಾನು ಕಣ್ಣಾರೆ ಕಂಡವನೇ ಅಲ್ಲ. ಮನೆಯ ಮಾಳಿಗೆ ಮೇಲಿನ ಕೋಣೆಯೇ ನನ್ನ ಆಫೀಸು. ಒಂದು ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು, ಪುರಾಣ ಹೇಳುವವರ ಶಾಂತ ಧ್ವನಿಯಲ್ಲಿ, "ಇದರಲ್ಲಿ ನಿಮ್ಮ ತಪ್ಪೇನಿಲ್ಲ" ಎಂದಳು. ಆ ಕಂಪನಿಯಲ್ಲಿ ಯಾರೂ ನನಗೆ ಹಾಗೆ ಅಂದದ್ದಿಲ್ಲ. ಆಗಲೇ ಅನುಮಾನ ಬಂತು. ಅವಳ ಮಾತು ಮುಗಿಯುವ ಮೊದಲೇ ಲ್ಯಾಪ್‌ಟಾಪು ನನ್ನ ಪಾಸ್‌ವರ್ಡಿನ ಗುರುತು ಮರೆತುಬಿಟ್ಟಿತ್ತು.

ಅವ್ವನಿಗೆ ಹೇಳಿದೆ. ಅವಳು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ, "ಓಣ್ಯಾಗ ಯಾರಿಗೂ ಹೇಳಬ್ಯಾಡ" ಎಂದಳು.

ಹೇಳದೇ ಇರುವುದೇನೋ ಸುಲಭ. ಆದರೆ ಬಾಜೂ ಮನೆಯ ಕಾಕೂನ ಕಿವಿ ನಮ್ಮ ಮಾಳಿಗೆಗೇ ಹಚ್ಚಿದ್ದು. "ಯಾಕ್ವಾ, ದಿನಾ ಮೀಟಿಂಗ್ ಕೇಳಸ್ತಿತ್ತು, ಈಗ ಸಪ್ಪಳಾನ ಇಲ್ಲಲ್ಲ?" ಎಂದು ಅವ್ವನನ್ನು ಕೇಳಿದಳು. ಮರುದಿನದಿಂದ ಮೀಟಿಂಗು ಶುರುವಾಯಿತು. ಮ್ಯಾನೇಜರನ ಮೂಗಿನ ಇಂಗ್ಲಿಷು, ಪುಣೆಯ ಹುಡುಗಿಯ ಮರಾಠಿ "ಹೋ, ಹೋ", ಮೈಕು ಯಾವಾಗಲೂ ಕೈಕೊಡುವ ಹೈದರಾಬಾದಿನವನ ಕೆಮ್ಮು, ನಡುವೆ ನಾನು. ಎಲ್ಲ ಪಾತ್ರವೂ ನನ್ನದೇ. ಆ ಮೀಟಿಂಗುಗಳಲ್ಲಿ ಎಲ್ಲರೂ ನನ್ನ ಮಾತನ್ನು ಒಪ್ಪುತ್ತಿದ್ದರು. ಖರೇ ಮೀಟಿಂಗಿನಲ್ಲಿ ಅದೊಂದು ಎಂದೂ ಆಗಿರಲಿಲ್ಲ.

ಮೀಟಿಂಗು ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅರ್ಜಿ ಹಾಕಿದಲ್ಲಿಂದ ಸದ್ದಿಲ್ಲ, ಹಾಕದ ಕಡೆಯಿಂದ ಕರೆಯ ಮೇಲೆ ಕರೆ. ಬಸವನ ಬಾಗೇವಾಡಿಯ ನನ್ನ ಗೆಳೆಯನೊಬ್ಬ ಹೀಗೇ ಕರೆ ನಂಬಿ, ತರಬೇತಿಗೆಂದು ಡಿಪಾಜಿಟ್ ಕಟ್ಟಿ, ಮಾರನೇ ದಿನದಿಂದ ಬಂದಾದ ನಂಬರಿಗೆ ಫೋನ್ ಹಚ್ಚುತ್ತ ಕೂತಿದ್ದ. ಹಾಗಾಗಿ, ಎಂದೋ ಅರ್ಜಿ ಹಾಕಿ ಮರೆತಿದ್ದ ಸಿಂದಗಿಯಿಂದ ಬಂದ ಕರೆಯನ್ನೂ ನಾನು ನಂಬಲಿಲ್ಲ.

ಹೆಣ್ಣುಧ್ವನಿ. ಸಾಲಿಯಲ್ಲಿ ಹಾಜರಿ ಕೂಗುವಂಥ ಗಟ್ಟಿ ಧ್ವನಿ. "ಹೊಲದಾಗಿನ ಮೋಟಾರ್ ಮೊಬೈಲ್‌ನಿಂದ ಚಾಲೂ ಮಾಡೂ ಡಬ್ಬಿ ಮಾಡ್ತೇವ್ರಿ. ಅದರ ಆ್ಯಪ್ ನೋಡ್ಕೊಳ್ಳಾಕ ಒಬ್ರು ಬೇಕಾಗ್ಯಾರ. ನಿಮ್ಮ ಅರ್ಜಿ ನೋಡೇನಿ. ಬರೂದಿದ್ರ ಹೇಳ್ತೇನಿ, ತಡೀರಿ."

ಅಷ್ಟೇ. ಅಭಿನಂದನೆ ಇಲ್ಲ, ಸಂಬಳದ ಮಾತಿಲ್ಲ, ಡಿಪಾಜಿಟ್ಟೂ ಕೇಳಲಿಲ್ಲ. ದುಡ್ಡು ಕೇಳದ ಮೋಸಗಾರರು ಅಂದರೆ ಭಾರೀ ಪಳಗಿದವರೇ ಇರಬೇಕು ಎಂದುಕೊಂಡೆ. ಆದರೂ ಒಳಗೊಳಗೇ ಆಸೆ. ಆ ಹೊತ್ತಿಗೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ, ಮೀಟಿಂಗು ನಡೆಸಿ ನಡೆಸಿ ಗಂಟಲೂ ಬಿದ್ದುಹೋಗಿತ್ತು.

ಆಮೇಲೆ ಬಂದದ್ದು ಹೆಲ್ಮೆಟ್ಟಿನವ.

ನಮ್ಮ ಕಡೆ ಹೆಣ್ಣು ಕೊಡುವವರು ನೇರ ಹುಡುಗನ ಮನೆಗೆ ಬರುವುದಿಲ್ಲ. ಮೊದಲು ಅವರ ಕಡೆಯವರೊಬ್ಬರು ಊರಿಗೆ ಬಂದು ಚಹಾದಂಗಡಿ, ಹಿಟ್ಟಿನ ಗಿರಣಿ, ಕಟಿಂಗ್ ಅಂಗಡಿ ಸುತ್ತುತ್ತಾರೆ. ಹುಡುಗ ಹೇಗೆ, ಚಟ ಏನು ಎಂದು ಸುಮ್ಮನೆ ಕೇಳಿದಂತೆ ಕೇಳಿ ಹೋಗುತ್ತಾರೆ. ಅಂದು ನಾನು ಬಸ್‌ಸ್ಟ್ಯಾಂಡಿನ ಎದುರಿನ ಬೆಂಚಿನಲ್ಲಿ ಕೂತಿದ್ದಾಗ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದವನೊಬ್ಬ ಚಹಾದವನಿಗೆ ನನ್ನದೇ ಹೆಸರು ಹೇಳಿ, "ಆ ಕಂಪ್ಯೂಟರ್ ಹುಡುಗ ಹೆಂಗ ಅದಾನ್ರಿ?" ಎಂದ.

ಯಾರೋ ಹೆಣ್ಣಿನ ಕಡೆಯವರು! ಇವತ್ತು ಇಲ್ಲಿ ಕೇಳುತ್ತಾನೆ, ನಾಳೆ ಕಂಪನಿಗೆ ಕೇಳುತ್ತಾನೆ, ನಾಡಿದ್ದು ಇಡೀ ಇಂಡಿಗೆ ನನ್ನ ಕೆಲಸ ಹೋದ ಸುದ್ದಿ. ಈ ಸಂಬಂಧವನ್ನು ಇಲ್ಲೇ ಮುರಿಯಬೇಕು. ಚಹಾದವನಿಗೆ ಕಣ್ಣು ಹೊಡೆದೆ. ಅವನು ನಗು ತಡೆಯಲಾರದೆ ಹಾಲಿನ ಪಾತೇಲಿಯತ್ತ ತಿರುಗಿದ.

"ನಾ ಅವರ ಬಾಜೂ ಮನಿಯಾಂವ್ರಿ" ಎಂದೆ, ನಮ್ಮ ಓಣಿಯ ಹಿರಿಯರ ಎಲೆಯಡಿಕೆ ಗಂಟಲಿನಲ್ಲಿ. "ಹೇಳಬಾರದು, ಕೇಳೀರಿ ಅಂತ ಹೇಳ್ತೇನಿ. ಹುಡುಗ ಹೊತ್ತೇರೂ ತನಾ ಮಲಗ್ತಾನ. ಎದ್ದ ಮ್ಯಾಲ ಒಬ್ಬನ ಕುಂತು ನಾಕ ಮಂದಿ ಧ್ವನಿ ತಗದು ಮಾತಾಡ್ತಾನ. ತಲಿ ಒಂದೀಟು..."

"ಸಿಟ್ಟು ಹೆಂಗ್ರಿ? ರೈತರು ಬೈದ್ರ ತಡಕೋತಾನೇನು?"

ಹೆಣ್ಣಿನ ಕಡೆಯವರು ಕುಡಿತ ಕೇಳುತ್ತಾರೆ, ಹೊಲ ಕೇಳುತ್ತಾರೆ. ಇದೆಂಥ ಪ್ರಶ್ನೆ? ಮಾವನಾಗುವವನು ಬೈಗುಳದ ರೈತ ಇರಬೇಕು ಎಂದು ಲೆಕ್ಕ ಹಾಕಿ, "ಏ, ಹಿರೇರಿಗೆ ಎದುರ ಮಾತಾಡ್ತಾನ್ರೀ. ಅಣಕಸ್ತಾನ!" ಎಂದೆ.

"ನಿಮ್ಮಂಥಾ ಬಾಜೂದವರು ಇರಬೇಕ ನೋಡ್ರಿ" ಎಂದು ಅವನು ನನ್ನ ಚಹಾಕ್ಕೂ ತಾನೇ ಕೊಟ್ಟು ಹೋದ.

ಮುಂದಿನ ವಾರ ಸಿಂದಗಿಯಿಂದ ಬಾ ಎಂದು ಕರೆ ಬಂತು. ಅವ್ವನ ಅನುಮಾನ ನನ್ನದಕ್ಕಿಂತ ಹಳೆಯದು. "ಖರೇ ಕಾಗದ ಯಾವದೂ ಕೊಡಬ್ಯಾಡ. ಒಳಗ ಹೋಗಿ ಚಿಲಕ ಹಾಕಿದ್ರ ಚೀರು" ಎಂದು ಬಸ್ ಹತ್ತಿಸಿದಳು.

ಆಫೀಸು ಮೋಟಾರ್ ರಿವೈಂಡಿಂಗ್ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ತಾಮ್ರದ ತಂತಿ, ವಾರ್ನಿಶಿನ ವಾಸನೆ. ಬಾಗಿಲಿಗೆ ಚಿಲಕವೇ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋದೆ. ಗಟ್ಟಿ ಧ್ವನಿಯ ಒಡತಿ ಮೊದಲು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಕಲಿಸಿದವರಂತೆ. ಅಲ್ಲಿ ಎಲ್ಲರೂ ಅವರನ್ನು ಈಗಲೂ ಬಾಯಾರು, ಅಂದರೆ ಟೀಚರಮ್ಮ, ಎನ್ನುತ್ತಿದ್ದರು. ಕುಳಿತುಕೊಳ್ಳೆಂದೂ ಹೇಳದೆ ಒಂದು ಮೊಬೈಲು ಮುಂದೆ ತಳ್ಳಿದರು.

"ಮೋರಟಗಿ ರೈತರು ಬೈಯಾಕತ್ತಾರ. ಆ್ಯಪ್‌ನ್ಯಾಗ ಮೋಟಾರ್ ಚಾಲೂ ಅಂತ ಹಸರ ಲೈಟ್ ತೋರಸ್ತೈತಿ. ಹೊಲಕ್ಕ ಹೋದ್ರ ಹನಿ ನೀರಿಲ್ಲ. ಯಾಕ?"

ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದು ನಿಂತೇ ನೋಡಿದೆ. ಹಸಿರು ದೀಪವನ್ನು ನಾನು ಎಂದೂ ನಂಬಿದವನಲ್ಲ. ಮೊಬೈಲು 'ಚಾಲೂ ಆಗು' ಎಂದು ಸಂದೇಶ ಕಳಿಸಿದ ಕೂಡಲೇ ದೀಪ ಹಸಿರಾಗುತ್ತಿತ್ತು. ಹೊಲದ ಡಬ್ಬಿಗೆ ಅದು ಮುಟ್ಟಿತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. "ಡಬ್ಬಿ ತಾನ 'ಚಾಲೂ ಆದೆ' ಅಂತ ತಿರುಗಿ ಹೇಳೂ ತನಾ ಹಸರ ತೋರಸಬಾರದ್ರಿ" ಎಂದೆ. ಬಾಯಾರು ಕುರ್ಚಿ ತೋರಿಸಿದರು.

ಈ ಕೆಲಸ ನನಗೆ ಬೇಕು ಎಂದು ಜೀವ ಹಂಬಲಿಸಿದ್ದು ಆಗ. ಇದು ಮೋಸದ ಕಂಪನಿಯಲ್ಲ; ಮೋಸಗಾರರಿಗೆ ಮೋರಟಗಿಯ ಬೈಗುಳದ ಚಿಂತೆ ಯಾಕಿರುತ್ತದೆ?

ಅಷ್ಟರಲ್ಲಿ ಚಹಾ ಹಿಡಿದು ಒಳಗೆ ಬಂದವನ ಕಂಕುಳಲ್ಲಿ ಹೆಲ್ಮೆಟ್ಟಿತ್ತು.

"ಶರಣ್ರೀ ಕಾಕಾ, ಆರಾಮ?" ಎಂದ ನನಗೆ. "ನಿಮ್ಮ ಬಾಜೂ ಮನಿ ಹುಡುಗ ಬರಲಿಲ್ಲೇನ್ರಿ?"

ಆಗ ಬಾಯಿಗೆ ಬಂದ ಒಂದೂ ಧ್ವನಿ ನನ್ನದಾಗಿರಲಿಲ್ಲ. "ನಿಮಗ... ನನ್ನ ಗುರ್ತು..."

"ಅರ್ಜಿಗೆ ಫೋಟೋ ಹಚ್ಚಿದ್ರೆಲ್ರಿ ಕಾಕಾ. ನೋಡ್ಕೊಂಡ ಬಂದಿದ್ದೆ."

ಬಾಯಾರು ನಗಲಿಲ್ಲ. "ಕೆಲಸಕ್ಕ ಯಾರನ್ನ ತಗೊಂಡ್ರೂ ನಾ ಮೊದಲ ಅವರ ಊರಾಗ ವಿಚಾರಸ್ತೇನಿ. ನೀ ಯಾಕ ಹಂಗ ಹೇಳಿದಿ?"

"ಹೆಣ್ಣಿನ ಕಡ್ಯಾವ್ರು ಅನ್ಕೊಂಡೇರಿ" ಎಂದು, ಕೆಲಸ ಹೋದದ್ದು, ಮಾಳಿಗೆಯ ಮೀಟಿಂಗು, ಎಲ್ಲ ಹೇಳಿಬಿಟ್ಟೆ. ಹೆಲ್ಮೆಟ್ಟಿನವ ಗೋಡೆಯ ಕಡೆ ಮುಖ ಮಾಡಿ ಹೆಗಲು ಕುಣಿಸುತ್ತಿದ್ದ. ಮೋರಟಗಿಯೂ ಹೋಯಿತು, ಸಿಂದಗಿಯೂ ಹೋಯಿತು ಎಂದುಕೊಂಡು ಎದ್ದು ನಿಂತೆ. "ಹಂಗಾರ ನಾ ಬರ್ಲೇನ್ರಿ?" ಎಂದೆ.

ಬಾಯಾರು ಚಹಾದ ಕಪ್ಪು ನನ್ನತ್ತ ಸರಿಸಿದರು.

"ನಿಮ್ಮ ಓಣಿ ತುಂಬ ಕೇಳಸೇನಿ. ಚಹಾದಾಂವ, ಗಿರಣಿಯಾಂವ, ಆ ಬಾಜೂ ಮನಿಯಾಕಿ, ಎಲ್ಲಾರೂ ಚೊಲೊ ಹುಡುಗ ಅಂದಾರ. ಕೆಟ್ಟದ್ದ ಹೇಳಿದಾಂವ ನೀ ಒಬ್ಬನ. ಒಬ್ಬ ಸುಳ್ಳ ಮನಶ್ಯಾನ ಮಾತ ಕೇಳಿ ನಾ ಯಾಕ ಚೊಲೊ ಹುಡುಗನ್ನ ಬಿಡ್ಲೋ? ಸೋಮವಾರ ಬಾ."