ಎಣಿಸದೇ ಬರೆದ ಹದಿನೆಂಟು

ನಮ್ಮ ನರ್ಸಿಂಗ್ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆ ಮಲಗಿರುತ್ತಿತ್ತು. ಬಿಪಿ ನೋಡುವುದು, ಇಂಜೆಕ್ಷನ್ ಚುಚ್ಚುವುದು, ಹಾಸಿಗೆ ಬದಲಿಸುವುದು, ನಾವು ಕಲಿತದ್ದೆಲ್ಲ ಅದರ ಮೇಲೆಯೇ. ಪಾಪ, ಅದಕ್ಕೆ ಉಸಿರಿರಲಿಲ್ಲ. ಹೀಗಾಗಿ ಉಸಿರು ಎಣಿಸುವ ಪಾಳಿ ಬಂದಾಗ ಅದರ ಎದೆ ನೋಡಿದ ಹಾಗೆ ಮಾಡಿ "ಹದಿನೆಂಟು ರೀ ಮೇಡಂ" ಎನ್ನುತ್ತಿದ್ದೆವು. ಆರೋಗ್ಯವಾಗಿರುವವರು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟು ಸಲ ಉಸಿರಾಡುತ್ತಾರೆ. ಮೇಡಂ ಕೂಡ ಸರಿ ಎಂದು ಮುಂದಿನವಳನ್ನು ಕರೆಯುತ್ತಿದ್ದರು. ನಾನು ಬ್ಯಾಚಿನಲ್ಲಿ ಚುರುಕು ಹುಡುಗಿ ಎಂದು ಹೆಸರು ಮಾಡಿದ್ದೆ. ಆ ಹೆಸರಿನ ಸೊಕ್ಕೂ ಸಾಕಷ್ಟಿತ್ತು.

ಕೊನೆಯ ವರ್ಷ, ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು, ಗದಗಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಎರಡು ವಾರ ಕೆಲಸ ಮಾಡಬೇಕಿತ್ತು. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ನಮ್ಮ ಪುಸ್ತಕದಲ್ಲಿ ಸಹಿ ಹಾಕಿದರೆ ಮುಂದಕ್ಕೆ, ಇಲ್ಲದಿದ್ದರೆ ಮತ್ತೆ ಅದೇ ವಾರ್ಡು. ನನಗೆ ಒಂದೇ ಸಹಿ ಬಾಕಿ ಇತ್ತು. ಬೆಟಗೇರಿಯಲ್ಲಿ ಅವ್ವ ಮಗ್ಗದ ಮುಂದೆ ಕೂತು ಬಂದವರಿಗೆಲ್ಲ "ನಮ್ಮಾಕಿ ಇನ್ನ ಸಿಸ್ಟರ್ ಆದಂಗರಿ" ಎಂದು ಸಾರುತ್ತಿದ್ದಳು.

ಆ ಮುಂಜಾನೆ ನನ್ನ ಪಾಲಿಗೆ ಎಂಟು ಮಂಚ ಬಂದವು. ಕಿಟಕಿ ಪಕ್ಕದ ಮಂಚದಲ್ಲಿ ಜ್ವರ, ಕೆಮ್ಮು ಎಂದು ಕೊರ್ಲಹಳ್ಳಿಯಿಂದ ಬಂದ ಅಜ್ಜಿ. ಜೊತೆಗಿದ್ದ ಸೊಸೆ ಮೂರು ದಿನದಿಂದ ಉಟ್ಟ ಸೀರೆಯಲ್ಲೇ ಇದ್ದಳು.

"ಮುಂಡರಗಿ ಬಸ್ಸಿಗೆ ಹೋಗಿ ಅರಿವಿ ತಗೊಂಡು ಸಂಜಿಗೆ ಬರ್ತೀನವಾ. ಆದ್ರ ಬಿಟ್ಟು ಹೋಗಾಕ ಮನಸ ಒಲ್ಲದು" ಎಂದಳು.

"ನಾ ನೋಡ್ಕೋತೀನ್ರಿ, ನೀವು ಹೋಗಿ ಬರ್ರಿ" ಎಂದು ನಾನೇ ಕಳಿಸಿದೆ.

ಆಮೇಲೆ ಅಜ್ಜಿಯ ಹತ್ತಿರ ಹೋಗಿ "ಹ್ಯಾಂಗದೀರಿ ಆಯಿ?" ಎಂದೆ. "ಆರಾಮ ಅದೀನಿ ಬಿಡವಾ" ಎಂದರು. ನಮ್ಮ ಕಡೆ ಎಂಥ ಸಂಕಟದಲ್ಲಿದ್ದರೂ ಕೇಳಿದವರಿಗೆ ಹಾಗೇ ಹೇಳುವುದು. ಇನ್ನೊಬ್ಬರಿಗೆ ಭಾರವಾಗಬಾರದೆಂಬ ಮರ್ಯಾದೆ ಅದು. ನನ್ನ ಅವ್ವನೂ ಹಾಗೇ ಹೇಳುವವಳು. ಇದೆಲ್ಲ ಗೊತ್ತಿದ್ದೂ ನಾನು ಆ ಮಾತನ್ನು ನಂಬಿಬಿಟ್ಟೆ, ಯಾಕೆಂದರೆ ನಂಬಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಜ್ವರ ನೋಡಿದೆ, ಬಿಪಿ ಬರೆದೆ, ನಾಡಿ ಎಣಿಸಿದೆ. ನಾಡಿ ಜೋರಿತ್ತು, ಜ್ವರಕ್ಕಿರಬೇಕು ಎಂದುಕೊಂಡೆ. ನಾಡಿ ಮುಗಿದ ಮೇಲೂ ಕೈ ಬಿಡದೆ, ರೋಗಿಗೆ ಗೊತ್ತಾಗದ ಹಾಗೆ, ಇನ್ನೊಂದು ನಿಮಿಷ ಎದೆಯ ಏರಿಳಿತ ಎಣಿಸಬೇಕು. ಆ ಒಂದು ನಿಮಿಷ ನಾನು ನಿಲ್ಲಲಿಲ್ಲ. ಎಂಟೂ ಚಾರ್ಟಿನಲ್ಲಿ ಹದಿನೆಂಟು ಬರೆದು ಎಲ್ಲರಿಗಿಂತ ಮೊದಲು ಮುಗಿಸಿದೆ.

ಮಧ್ಯಾಹ್ನ ವಾರ್ಡ್ ಸುತ್ತುತ್ತಿದ್ದ ಇನ್‌ಚಾರ್ಜ್ ಸಿಸ್ಟರ್ ಕಿಟಕಿ ಪಕ್ಕ ನಿಂತುಬಿಟ್ಟರು. ಕೈಗಡಿಯಾರ ನೋಡುತ್ತ ಒಂದು ನಿಮಿಷ ಅಜ್ಜಿಯ ಉಸಿರು ಎಣಿಸಿದರು. ಆಮೇಲೆ ಡಾಕ್ಟರನ್ನು ಕೂಗಿದರು. ಮೂವತ್ತಾರು. ಆಕ್ಸಿಜನ್ ಹಚ್ಚಿದರು, ಸ್ಟ್ರೆಚರ್ ಬಂತು, ಅಜ್ಜಿಯನ್ನು ಮೇಲಿನ ಐಸಿಯುಗೆ ಒಯ್ದರು. ಸಿಸ್ಟರ್ ಚಾರ್ಟ್ ಹಿಡಿದು ನನ್ನ ಕಡೆ ತಿರುಗಿದರು.

"ಮುಂಜಾನಿ ಎಣಿಸಿದ್ದೇನು?"

"ಹೂಂರಿ, ಎಣಿಸೀನಿ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು. ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ, ಅದಕ್ಕೇ ಇವತ್ತಿಗೂ ಹೆಚ್ಚು ನಾಚಿಕೆಯಾಗುತ್ತದೆ. ಸಂಜೆ ಪುಸ್ತಕದಲ್ಲಿ ಸಹಿ ಬಿತ್ತು.

ಮನೆಯಲ್ಲಿ ಅವ್ವ ಖುಷಿಯಿಂದ ಹೋಳಿಗೆ ಮಾಡಿದಳು.

ಮೂರನೆಯ ದಿನ ವಾರ್ಡಿಗೆ ಹೋದಾಗ ಅಜ್ಜಿ ತೀರಿಕೊಂಡ ಸುದ್ದಿ ಕಾದಿತ್ತು. ಸೀದಾ ಸಿಸ್ಟರ್ ಮೇಜಿನ ಮೇಲೆ ಪುಸ್ತಕವಿಟ್ಟು "ನಾ ಎಣಿಸಿರ್ಲಿಲ್ರಿ" ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯದೆ ಸಹಿಯ ಮೇಲೆ ಗೀಟು ಹೊಡೆದರು.

"ವಯಸ್ಸಾಗಿತ್ತು, ತಡಾ ಮಾಡಿ ಕರ್ಕೊಂಡು ಬಂದಿದ್ರು. ಮೊದಲs ಗೊತ್ತಾಗಿದ್ರ ಉಳೀತಿದ್ರೋ ಇಲ್ಲೋ, ಯಾರಿಗೂ ಹೇಳಾಕ ಬರೂದಿಲ್ಲ. ಮನ್ಯಾವರ ಮುಂದ ಮಾತ್ರ ಬಾಯಿ ಬಿಡಬ್ಯಾಡ, ಗದ್ದಲ ಆಕ್ಕತಿ" ಎಂದರು.

ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ಒಳಗೊಳಗೇ ಸಮಾಧಾನವಾಯಿತು. ಗೆಳತಿಯರು ಶಿರಹಟ್ಟಿ, ಲಕ್ಷ್ಮೇಶ್ವರದ ಆಸ್ಪತ್ರೆಗಳಿಗೆ ಹೋಗುತ್ತಾರೆ, ನಾನು ಹಿಂದೆ ಉಳಿಯುತ್ತೇನೆ. ಶಿಕ್ಷೆ ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಸೊಸೆ ನನ್ನನ್ನು ಹುಡುಕಿಕೊಂಡು ವಾರ್ಡಿಗೆ ಬಂದಳು. ಹೆಣ ಒಯ್ಯುವ ಗಾಡಿಗೆ ಕಾಯುತ್ತಿದ್ದಳು. ಅತ್ತೆಗೆಂದು ಊರಿಂದ ತಂದ ಸೀರೆ ಮಡಿಕೆ ಬಿಚ್ಚದೆ ಕೈಯಲ್ಲೇ ಇತ್ತು.

"ನಾ ಬರೂದ್ರಾಗ ಮ್ಯಾಲ ಒಯ್ದಿದ್ರವಾ. ಆಮ್ಯಾಲ ಮಾತಾಡಾಕ ಸಿಗಲೇ ಇಲ್ಲ. ಆವತ್ತ ಮುಂಜಾನಿ ನೀ ಬಾಜೂಕ ಇದ್ದಿ. ಬಾಳ ತ್ರಾಸ ಪಟ್ರೇನು ನಮ್ಮತ್ತಿ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಆಕೆಗೂ ಅದೇ ಬೇಕಾಗಿತ್ತು. ಮೇಜಿನ ಹತ್ತಿರದಿಂದ ಸಿಸ್ಟರ್ ನಮ್ಮನ್ನೇ ನೋಡುತ್ತಿದ್ದರು. ಆದರೆ ಆವತ್ತು ನಾಡಿಗೆಂದು ಕೈ ಹಿಡಿದು ನಿಂತಿದ್ದರೂ ಅಜ್ಜಿಯ ಮುಖವನ್ನು ನಾನು ನೋಡಿರಲೇ ಇಲ್ಲ.

"ನನಗ ಗೊತ್ತಿಲ್ರಿ ಅಕ್ಕಾ. ಅವರ ಉಸಿರ ಎಣಿಸಬೇಕಿತ್ತು, ಎಣಿಸಲಿಲ್ಲ. ಸುಮ್ನ ಒಂದು ನಂಬರ್ ಬರದು ಮುಂದ ಹೋದ್ನಿ. ಎಣಿಸಿದ್ರ ಜಲ್ದಿ ಗೊತ್ತಾಗತಿತ್ತು."

ಕೂಗಾಡಲಿ, ಹೊಡೆದರೂ ಹೊಡೆಯಲಿ ಎಂದು ನಿಂತೆ. ಆಕೆ ಕಿಟಕಿ ಪಕ್ಕದ ಮಂಚದ ಕಡೆ ನೋಡಿದಳು. ಅಲ್ಲಿ ಆಗಲೇ ಬೇರೆ ಯಾರೋ ಮಲಗಿದ್ದರು.

"ನಂದs ತಪ್ಪು" ಎಂದಳು. "ಮನಿ ಮಂದಿ ಅಂತ ಒಬ್ಬರು ಹತ್ತರ ಇರಬೇಕಿತ್ತು."

"ಅಲ್ರಿ ಅಕ್ಕಾ, ನಂದು" ಎನ್ನುತ್ತ ಮೆಟ್ಟಿಲಿನ ತನಕ ಹಿಂದೆ ಹೋದೆ. ಆಕೆ ಕೇಳಿಸಿಕೊಳ್ಳಲಿಲ್ಲ. ನನ್ನ ತಪ್ಪನ್ನು ತನ್ನದೆಂದುಕೊಂಡೇ ಗಾಡಿ ಹತ್ತಿ ಊರಿಗೆ ಹೋದಳು.