ಮೂರು ಸಲ ಬಾಗಿಲು ತಟ್ಟಿದ ಮೇಲೆ

ನಾನು ನಿಂತಿದ್ದದ್ದು ಟೋಕಿಯೋದ ಒಂದು ದಂತವೈದ್ಯಕೀಯ ಕಾಲೇಜಿನ ಮೂರನೆಯ ಮಹಡಿಯ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಗೂ ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ನಡುವೆ, ಕಿಟಕಿಗೆ ಬೆನ್ನು ಮಾಡಿ. ಹೋದ ವರ್ಷದ ಫೆಬ್ರವರಿ, ಶನಿವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಬೆಳಕು ಚೆನ್ನಾಗಿತ್ತು. ಕನ್ನಡಕ ಹೊಸದಾಗಿತ್ತು. ಹಸಿವಿತ್ತು, ಆದರೆ ತಲೆ ತಿರುಗುವಷ್ಟಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ಹೇಳಲಿರುವುದನ್ನು ಕೇಳಿ, ನನ್ನ ಕಣ್ಣಿನ ಮೇಲೋ ಹೊಟ್ಟೆಯ ಮೇಲೋ ತಪ್ಪು ಹೊರಿಸಿದ ಸ್ನೇಹಿತರು ನನಗೆ ಬೇಕಾದಷ್ಟಿದ್ದಾರೆ.

ಬಾಗಿಲು ತಟ್ಟುವುದು ಎಷ್ಟು ಕ್ಷುಲ್ಲಕ ವಿಷಯ ನೋಡಿ. ಮೈಸೂರಿನ ನಮ್ಮ ಬೀದಿಯಲ್ಲಿ ಅದಕ್ಕೊಂದು ಕ್ರಮವೇ ಇರಲಿಲ್ಲ; ಬಂದವರು ಚಿಲಕ ಅಲ್ಲಾಡಿಸಿ ‘ಏನ್ರೀ, ಇದ್ದೀರಾ?’ ಎಂದು ಕೂಗುತ್ತಲೇ ನಡುಮನೆಗೆ ಬಂದು ಕುರ್ಚಿ ಎಳೆದುಕೊಂಡಿರುತ್ತಿದ್ದರು. ಜಪಾನಿನಲ್ಲಿ ಅದೊಂದು ಶಾಸ್ತ್ರ. ಎರಡು ಸಲ ತಟ್ಟಿದರೆ ಶೌಚಾಲಯ ಖಾಲಿಯಿದೆಯೇ ಎಂದು ಕೇಳಿದಂತೆ. ಸಂದರ್ಶನಕ್ಕೆ ಬಂದವರು ಮೂರು ಸಲ ತಟ್ಟಬೇಕು. ತಟ್ಟಿ ಸುಮ್ಮನೆ ನಿಲ್ಲಬೇಕು. ಒಳಗಿನಿಂದ ‘ದೋಝೋ’, ಅಂದರೆ ದಯಮಾಡಿಸಿ, ಎಂದು ಕೇಳಿಸಿದ ಮೇಲೆಯೇ ಹಿಡಿಕೆ ಮುಟ್ಟುವುದು. ಒಳಗೆ ಹೋಗಿ, ಒಳಗಿರುವವರಿಗೆ ಬೆನ್ನು ತೋರಿಸದೆ ಬಾಗಿಲು ಮುಚ್ಚಿ, ನಮಸ್ಕರಿಸಿ, ಆಸನದ ಪಕ್ಕ ನಿಂತು, ಕೂರಲು ಹೇಳಿದ ಮೇಲೆ ಕೂರುವುದು. ನನ್ನ ಮಗಳು ಸಹನಾ ಇದನ್ನು ಎಡೋಗಾವಾದ ನಮ್ಮ ಪುಟ್ಟ ಮನೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳು. ಇರುವ ಬಾಗಿಲುಗಳಲ್ಲಿ ಗಟ್ಟಿಯಾದದ್ದು ಬಚ್ಚಲುಮನೆಯದೇ ಆದ್ದರಿಂದ, ಒಳಗೆ ಹಲ್ಲುಜ್ಜುತ್ತಿದ್ದ ನಾನು ಬಾಯಿತುಂಬ ನೊರೆ ಇಟ್ಟುಕೊಂಡು, ಪ್ರಾಧ್ಯಾಪಕರ ಗಾಂಭೀರ್ಯದಲ್ಲಿ ‘ದೋಝೋ’ ಎನ್ನಬೇಕಾಗಿತ್ತು. ಇಷ್ಟು ವರ್ಷ ಇಲ್ಲಿದ್ದರೂ ಕೊಂಬಿನಿ ಎಂಬ ಹಗಲೂರಾತ್ರಿ ತೆರೆದಿರುವ ಚಿಲ್ಲರೆ ಅಂಗಡಿಯ ಕೌಂಟರನ್ನು ದಾಟದ ನನ್ನ ಜಪಾನೀ ಭಾಷೆಯಲ್ಲಿ, ಹಾಗಾಗಿ, ಆ ಒಂದು ಪದದ ಮೇಲೆ ಮಾತ್ರ ನನಗೆ ಪೂರ್ಣ ಅಧಿಕಾರವಿದೆ.

ದಂತವೈದ್ಯಕೀಯಕ್ಕೆ ಸೇರಲು ಸಂದರ್ಶನ ಎಷ್ಟು ಮುಖ್ಯ? ಆ ಚಳಿಗಾಲವಿಡೀ ನಾನು ಸಿಕ್ಕವರನ್ನೆಲ್ಲ ಕೇಳಿದ ಪ್ರಶ್ನೆ ಇದು. ‘ಅದೆಲ್ಲ ಸುಮ್ನೆ ಫಾರ್ಮ್ಯಾಲಿಟಿ ಕಣೋ, ರಿಟನ್ ಟೆಸ್ಟ್ ಆಯ್ತಲ್ಲ, ತಲೆ ಕೆಡಿಸ್ಕೋಬೇಡ’ ಎಂದ ಯೋಕೋಹಾಮಾದ ಗೆಳೆಯ ಪ್ರಕಾಶ. ಅವನ ಮಗನಿಗೆ ಆಗ ನಾಲ್ಕು ವರ್ಷ. ಸಹನಾಳಿಗೆ ಪಾಠ ಹೇಳುತ್ತಿದ್ದ ಹಯಾಶಿ-ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ) ಎಂಬ ಹೆಂಗಸು ಮಾತ್ರ ಬೇರೆ ಥರ ಹೇಳಿದರು: ಸಂದರ್ಶನ ಯಾರನ್ನೂ ಮೇಲಕ್ಕೆತ್ತುವುದಿಲ್ಲ, ಕೆಳಕ್ಕೆ ಎಳೆಯುತ್ತದೆ. ಕಂಪನಿ ನನ್ನನ್ನು ಏಪ್ರಿಲ್‌ನಲ್ಲಿ ಬೆಂಗಳೂರಿಗೆ ವಾಪಸು ಕರೆಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಸಹನಾ ಬರೆದ ಪರೀಕ್ಷೆಗಳಲ್ಲಿ ಈ ಒಂದೇ ಕಾಲೇಜು ಅವಳನ್ನು ಮುಂದಕ್ಕೆ ಕರೆದಿತ್ತು. ಇಲ್ಲಿ ಸೀಟು ಸಿಕ್ಕರೆ ವಿದ್ಯಾರ್ಥಿ ವೀಸಾದಲ್ಲಿ ಉಳಿಯುತ್ತಾಳೆ. ಇಲ್ಲದಿದ್ದರೆ, ಏಳನೆಯ ವಯಸ್ಸಿನಿಂದ ಬೆಳೆದ ಊರನ್ನು ಬಿಟ್ಟು, ಬೇಸಿಗೆ ರಜಕ್ಕೆ ಮಾತ್ರ ಗೊತ್ತಿರುವ ಊರಿಗೆ ನಮ್ಮ ಜೊತೆ ಹೊರಡಬೇಕು.

‘ನಿಮಗೆ ದಂತವೈದ್ಯೆ ಯಾಕಾಗಬೇಕು?’ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ಹಯಾಶಿ-ಸಾನ್ ಒಂದು ಉತ್ತರವನ್ನು ಕಟ್ಟಿಕೊಟ್ಟಿದ್ದರು. ಭಾರತದಲ್ಲಿರುವ ಅಜ್ಜಿ, ಹಲ್ಲುಗಳೆಲ್ಲ ಬಿದ್ದುಹೋಗಿ, ತಾವೇ ಕರಿದ ಚಕ್ಕುಲಿಯನ್ನು ತಿನ್ನಲಾಗದೆ ಮೊಮ್ಮಗಳಿಗೆ ಕೊಟ್ಟು ನೋಡುತ್ತ ಕೂತಿದ್ದರಂತೆ. ಕೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ತೊಂದರೆಯೆಂದರೆ ನನ್ನ ಅಮ್ಮನಿಗೆ ಒಂದು ಹಲ್ಲೂ ಬಿದ್ದಿಲ್ಲ. ಫೋನಿನಲ್ಲಿ ಇದನ್ನು ತಿಳಿದ ಅಮ್ಮ, ‘ಏನೋ ಇದು, ನಾನಿನ್ನೂ ಕೊಬ್ಬರಿ ಗಿಟುಕು ಕಡೀತೀನಿ. ಬೇಕಿದ್ರೆ ನಿನ್ನ ಮಾವನ ಹಲ್ಲು ಬೀಳ್ಸು, ನನ್ನ ತಂಟೆಗೆ ಬರಬೇಡಿ’ ಎಂದು ಫೋನ್ ಇಟ್ಟುಬಿಟ್ಟರು.

ಆ ಶನಿವಾರ ಪೋಷಕರು ಕೂರುವ ಕೆಳಗಿನ ಕೋಣೆಯಲ್ಲಿ ಹೀಟರ್ ಕೆಟ್ಟಿತ್ತು. ಕಿತಾಗಾವಾ-ಸಾನ್ ಎಂಬ ಕಚೇರಿಯವರು ಹತ್ತಾರು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳುತ್ತ ನಮ್ಮನ್ನು ಮೂರನೆಯ ಮಹಡಿಗೆ ಕರೆತಂದಿದ್ದರು. ಇಲ್ಲದಿದ್ದರೆ ನಾವ್ಯಾರೂ ಅಲ್ಲಿರುತ್ತಿರಲಿಲ್ಲ. ಹೆಚ್ಚಿನವರು ಆಗಲೇ ಹೊರಟುಹೋಗಿದ್ದರು. ಉಳಿದವರು ನಾನು, ಮತ್ತು ಬೆಂಚಿನ ಮೇಲೆ ಕೂತಿದ್ದ ಓಟಾ-ಸಾನ್ ಎಂಬ ಮುದುಕಿ. ಅವರ ಮೊಮ್ಮಗನ ಸಂದರ್ಶನ ಮುಗಿದು ಅವನು ಕೋಟು ತರಲು ಕೆಳಗೆ ಹೋಗಿದ್ದ. ಕಾರಿಡಾರಿನಲ್ಲಿ ಅಕ್ಕಪಕ್ಕದಲ್ಲಿ ಒಂದೇ ಬಣ್ಣದ ಎರಡು ಬಾಗಿಲುಗಳಿದ್ದವು. ಸಂದರ್ಶನದ ಕೋಣೆಯೆಂದು ಬರೆದ ಕಾಗದವನ್ನು ಎರಡರ ನಡುವಿನ ಗೋಡೆಗೆ ಅಂಟಿಸಿದ್ದರು.

ಸಹನಾ ಮೆಟ್ಟಿಲು ಹತ್ತಿ ಬಂದಳು. ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಹಯಾಶಿ-ಸಾನ್ ಹೇಳಿದ್ದರು. ಎಡಗಡೆಯ ಬಾಗಿಲಿನ ಮುಂದೆ ನಿಂತು ಮೂರು ಸಲ ತಟ್ಟಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ‘ದೋಝೋ’ ಎಂದು ಕೇಳಿಸಿತು. ಗಂಡಸಿನ ದನಿ, ವಯಸ್ಸಾದದ್ದು, ಮೃದುವಾದದ್ದು. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಓಟಾ-ಸಾನ್ ನನ್ನ ಕಡೆ ತಿರುಗಿ ನಗುತ್ತ, ನನಗೂ ತಿಳಿಯುವಂಥ ಸರಳ ಜಪಾನೀಯಲ್ಲಿ, ‘ಒಳ್ಳೆ ದನಿ. ಆದರೆ ಪಾಪ, ದಣಿದಿದ್ದಾರೆ’ ಎಂದರು. ನಾನು ಹೂಂಗುಟ್ಟಿದೆ. ಇಲ್ಲಿಯವರೆಗೆ ಹೆದರುವಂಥದ್ದು ಏನೂ ಇರಲಿಲ್ಲ, ಓದುಗರು ದಯವಿಟ್ಟು ಗಮನಿಸಬೇಕು. ಆಮೇಲೆ ಹುಟ್ಟಿದ ಹೆದರಿಕೆಯನ್ನು ನಾನು ಹಿಂದಕ್ಕೆ ಹಚ್ಚುತ್ತಿಲ್ಲ.

ಬಲಗಡೆಯ ಬಾಗಿಲು ತೆರೆದು ಒಬ್ಬ ಪ್ರಾಧ್ಯಾಪಕಿ ತಲೆ ಹೊರಗೆ ಹಾಕಿ, ಎರಡೂ ಕಡೆ ನೋಡಿ, ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ ಇಣುಕಿ, ಕಚೇರಿಯ ಕಡೆಗೆ ಏನನ್ನೋ ಕೂಗಿ ಕೇಳಿದರು. ಆಗ, ಎಡಗಡೆಯ ಕೋಣೆಗೆ ಹೊಂದಿಕೊಂಡಿದ್ದ ಕಚೇರಿಯಿಂದ ಹೊರಬಂದ ಕಿತಾಗಾವಾ-ಸಾನ್, ಕಾರಿಡಾರಿನ ಮಧ್ಯೆ ನಿಂತು ನನ್ನ ಮಗಳ ಹೆಸರನ್ನು ಕರೆದರು. ಅವಳು ಅಲ್ಲಿ ಹೋದಳಲ್ಲ ಎಂದು ನಾನು ಕೈ ತೋರಿಸಿದೆ. ಅವರ ಮುಖದಲ್ಲಿ ಬಣ್ಣ ಇಳಿದದ್ದನ್ನು ನಾನು ಕಂಡೆ. ಸಂದರ್ಶನ ನಡೆಯುವಾಗ ಯಾರೂ ಬಾಗಿಲು ತೆರೆಯುವ ಹಾಗಿಲ್ಲ ಎಂಬುದು ಅಲ್ಲಿಯ ನಿಯಮ. ಅವರು ಹಿಡಿಕೆಯ ಮೇಲೆ ಕೈಯಿಟ್ಟು ಒಂದು ಕ್ಷಣ ತಡೆದು, ಆಮೇಲೆ ತೆರೆದರು.

ಕೋಣೆಯಲ್ಲಿ ದೀಪವಿರಲಿಲ್ಲ. ಪರದೆ ಎಳೆದಿತ್ತು. ಕಾರಿಡಾರಿನ ಬೆಳಕಿನಲ್ಲಿ ಸಾಲುಸಾಲಾಗಿ ಕುರ್ಚಿಗಳು, ಒಂದೊಂದರ ತಲೆದಿಂಬಿನ ಮೇಲೆ ಒಂದೊಂದು ತಲೆ. ವಿದ್ಯಾರ್ಥಿಗಳು ಕೆಲಸ ಕಲಿಯುವ ಗೊಂಬೆಗಳು ಅವು: ರಬ್ಬರಿನ ಮುಖ, ನಿಜ ಗಾತ್ರದ ಹಲ್ಲು, ಯಾವಾಗಲೂ ತೆರೆದ ಬಾಯಿ, ಕುತ್ತಿಗೆಯ ಕೆಳಗೆ ಏನೂ ಇಲ್ಲ. ಎಲ್ಲಕ್ಕೂ ಬಿಳಿಯ ಬಟ್ಟೆ ಹೊದಿಸಿತ್ತು, ಕೊನೆಯ ಸಾಲಿನ ಒಂದನ್ನು ಬಿಟ್ಟು. ಅದರ ಎದುರು ದುಂಡನೆಯ ಸ್ಟೂಲಿನ ಮೇಲೆ ಸಹನಾ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದಳು. ಬಾಗಿಲು ತೆರೆದದ್ದು ತಿಳಿದು ಎದ್ದಳು. ಆ ತಲೆಗೆ ಆಳವಾಗಿ ನಮಸ್ಕರಿಸಿ, ‘ಅರಿಗಾತೋ ಗೊಝಾಯಿಮಾಶಿತಾ’ ಎಂದು ಧನ್ಯವಾದ ಹೇಳಿ, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬಂದಳು. ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ಆ ಕೋಣೆಗೆ ಇನ್ನೊಂದು ಬಾಗಿಲಿಲ್ಲ.

ಕರೆದಾಗ ಇಲ್ಲದಿದ್ದವರು ಗೈರುಹಾಜರು ಎಂಬುದೂ ಅಲ್ಲಿಯ ನಿಯಮವೇ. ಕಿತಾಗಾವಾ-ಸಾನ್ ಬಲಗಡೆಯ ಕೋಣೆಗೆ ಹೋಗಿ, ಕಾಗದ ಅಂಟಿಸಿದ್ದು ತಮ್ಮ ತಪ್ಪೆಂದು ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿಕೊಂಡರು. ಸಹನಾಳನ್ನು ಒಳಗೆ ಕರೆದರು. ಅವಳು ಮತ್ತೆ ಮೂರು ಸಲ ತಟ್ಟಿದಳು, ಮತ್ತೆ ಒಂದು ‘ದೋಝೋ’ ಬಂತು. ಹೆಂಗಸಿನ ದನಿ, ಚುರುಕಾದದ್ದು. ಓಟಾ-ಸಾನ್ ನಗುವುದನ್ನು ನಿಲ್ಲಿಸಿ, ಕೈಚೀಲವನ್ನು ಎದೆಗೆ ಅವಚಿಕೊಂಡು ಎಡಗಡೆಯ ಬಾಗಿಲನ್ನೇ ನೋಡುತ್ತಿದ್ದರು.

ಆಮೇಲೆ ಸ್ಟೇಷನ್ನಿನ ಪಕ್ಕದ ಕೊಂಬಿನಿಯ ಹೊರಗೆ ನಿಂತು ಬಿಸಿ ಟೀ ಕುಡಿಯುತ್ತ ಕೇಳಿದೆ: ‘ಲೈಟೇ ಇರಲಿಲ್ವಲ್ಲೇ, ನಿಂಗೆ ಅನುಮಾನ ಬರಲಿಲ್ವಾ?’

‘ಟೆಸ್ಟ್ ಅನ್ಕೊಂಡೆ ಅಪ್ಪಾ. ಡೆಂಟಲ್ ಕಾಲೇಜ್ ಅಲ್ವಾ, ಪೇಷೆಂಟ್ ಜೊತೆ ಹೇಗೆ ಮಾತಾಡ್ತಾರೆ ಅಂತ ನೋಡ್ತಾರೇನೋ. ಹಯಾಶಿ-ಸೆನ್ಸೇ ಹೇಳಿದ್ರು, ಏನಾದ್ರೂ ಸ್ಟ್ರೇಂಜ್ ಆದ್ರೆ ಡೋಂಟ್ ರಿಯಾಕ್ಟ್ ಅಂತ.’

ಇಷ್ಟು ಚೆನ್ನಾಗಿ ತಯಾರಾದ ಹುಡುಗಿ ಮಾತ್ರ ಮಾಡಬಹುದಾದ ತಪ್ಪು ಅದು. ನಾನಾಗಿದ್ದರೆ ಕಿರುಚಿಕೊಂಡು ಹೊರಗೆ ಓಡಿ ಬಂದು, ಕಾಲೇಜಿಗೂ ನನಗೂ ಉಪಕಾರ ಮಾಡುತ್ತಿದ್ದೆ.

‘ಏನು ಕೇಳಿದ್ರು?’

‘ಯಾಕೆ ಅಂತ. ಅಷ್ಟೇ. ಅಜ್ಜಿ ಹಲ್ಲಿನ ಸ್ಟೋರಿ ಹೇಳ್ದೆ. ಮತ್ತೆ ನಝೆ ಅಂದ್ರು, ಯಾಕೆ ಅಂತ. ಇನ್ನೊಂದ್ಸಲ ಹೇಳ್ದೆ. ಮತ್ತೆ ನಝೆ. ಕೋಪ ಇರಲಿಲ್ಲ ಅಪ್ಪಾ, ಬಟ್ ನಿಲ್ಲಿಸ್ಲೇ ಇಲ್ಲ. ಕೊನೆಗೆ ನಿಜ ಹೇಳ್ಬಿಟ್ಟೆ.’

ನಿಜ ಏನೆಂದು ನನಗೆ ಗೊತ್ತಿರಲಿಲ್ಲ. ಅವಳು ಟೀ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಹೇಳಿದಳು, ಅರ್ಧ ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ. ನಾವು ಇಲ್ಲಿಗೆ ಬಂದ ಮೊದಲ ವರ್ಷ, ಭಾರತೀಯ ಶಾಲೆಯಲ್ಲಿ ಜಾಗವಿಲ್ಲವೆಂದು ಬೀದಿಯ ಕೊನೆಯ ಜಪಾನೀ ಶಾಲೆಗೆ ಹಾಕಿದ್ದೆವಲ್ಲ, ಆ ವರ್ಷ ಅವಳು ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಎಲ್ಲರೂ ಒಳ್ಳೆಯವರು, ಎಲ್ಲರೂ ಏನಾದರೂ ಕೇಳುತ್ತಿದ್ದರು, ಕೇಳಿ ಕಾಯುತ್ತಿದ್ದರು. ಆ ಕಾಯುವಿಕೆಯೇ ಅವಳಿಗೆ ಭಯ. ಒಂದು ದಿನ ಮಕ್ಕಳ ಹಲ್ಲು ನೋಡಲು ವೈದ್ಯರು ಬಂದರು. ಸಾಲಿನಲ್ಲಿ ಇವಳ ಸರದಿ ಬಂದಾಗ ಬಾಯಿ ತೆರೆಸಿ, ಒಂದೊಂದೇ ಹಲ್ಲನ್ನು ಮುಟ್ಟಿ, ಏನನ್ನೋ ಗಟ್ಟಿಯಾಗಿ ಹೇಳುತ್ತ ಹೋದರು, ಪಕ್ಕದಲ್ಲಿ ಕೂತವರು ಬರೆದುಕೊಂಡರು. ಅವಳ ಬಗ್ಗೆಯೇ ಮಾತು, ಆದರೆ ಅವಳು ಉತ್ತರ ಕೊಡಬೇಕಾಗಿಲ್ಲ. ಕೊಡುವುದಕ್ಕೆ ಸಾಧ್ಯವೂ ಇಲ್ಲ. ಕೊನೆಗೆ ಚೆನ್ನಾಗಿ ಬಾಯಿ ತೆರೆದೆ ಎಂದು ಹೊಗಳಿದರು. ಆ ವರ್ಷ ಶಾಲೆಯಲ್ಲಿ ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ.

‘ಅಷ್ಟೇ ಅಪ್ಪಾ. ಸಿಲ್ಲಿ ಅಲ್ವಾ? ಆಮೇಲೆ ಪಕ್ಕದ ರೂಮಲ್ಲಿ ಕೇಳಿದಾಗ್ಲೂ ಇದನ್ನೇ ಹೇಳ್ದೆ. ಒಂದ್ಸಲ ಹೇಳಿ ಆಗಿತ್ತಲ್ಲ, ಭಯ ಇರಲಿಲ್ಲ.’

ಆ ವರ್ಷ ಪ್ರತಿ ಸಂಜೆ ನಾನು ಶಾಲೆ ಹೇಗಿತ್ತು ಎಂದು ಕೇಳಿ, ಚೆನ್ನಾಗಿತ್ತು ಎಂಬ ಉತ್ತರವನ್ನು ತೆಗೆದುಕೊಂಡು ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದೆ. ಯಾಕೆ ಎಂದು ಎರಡನೆಯ ಸಲ ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಮೊದಲ ಉತ್ತರ ಮರ್ಯಾದೆಯಾಗಿದ್ದರೆ ಸಾಕು. ಅವಳನ್ನು ಎರಡನೆಯ, ಮೂರನೆಯ ಸಲ ಕೇಳಿದವರು ಯಾರೆಂದು ನನಗೆ ಗೊತ್ತಿಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು. ಈ ಕೃತಜ್ಞತೆಗೂ ಬೆನ್ನಿನಲ್ಲಿ ಏಳುವ ಚಳಿಗೂ ಗಡಿ ಎಳೆಯಲು ನನಗೆ ಇನ್ನೂ ಆಗಿಲ್ಲ.

ಅವಳಿಗೆ ಸೀಟು ಸಿಕ್ಕಿತು. ಸಂದರ್ಶನಕ್ಕೆ ಎಷ್ಟು ಅಂಕ ಬಂತೋ, ಅದು ಎಷ್ಟು ಲೆಕ್ಕಕ್ಕೆ ಬಂತೋ ಕಾಲೇಜು ಹೇಳುವುದಿಲ್ಲ. ನಾವು ಊರಿಗೆ ಹೊರಡುವ ಮುಂಚೆ ಪ್ರವೇಶ ಸಮಾರಂಭಕ್ಕೆ ಹೋಗಿದ್ದಾಗ ಕಿತಾಗಾವಾ-ಸಾನ್ ನನ್ನನ್ನು ಹುಡುಕಿಕೊಂಡು ಬಂದರು. ಸಹನಾಳನ್ನು ನಡುವೆ ಇಟ್ಟುಕೊಂಡು, ಅವಳು ಕನ್ನಡಕ್ಕೆ ತಿರುಗಿಸುತ್ತಿದ್ದ ಹಾಗೆ, ನಿಧಾನವಾಗಿ ಹೇಳಿದರು. ಆ ದಿನ ತಮ್ಮ ಕಚೇರಿಯ ಗೋಡೆಯಾಚೆ ಹುಡುಗಿಯೊಬ್ಬಳು ಮಾತಾಡುವುದೂ, ಗಂಡಸೊಬ್ಬರು ನಡುನಡುವೆ ಪ್ರಶ್ನೆ ಕೇಳುವುದೂ ತಮಗೆ ಕೇಳಿಸುತ್ತಿತ್ತಂತೆ. ಆಚೆಯ ಕೋಣೆಯ ಸಂದರ್ಶನವೇ ಇಲ್ಲಿಗೆ ಕೇಳಿಸುತ್ತಿದೆ ಎಂದುಕೊಂಡು, ಸದ್ದಾಗಬಾರದೆಂದು ಟೈಪು ಮಾಡುವುದನ್ನೂ ನಿಲ್ಲಿಸಿದ್ದರಂತೆ. ಆ ಹೊತ್ತಿನಲ್ಲಿ ಸಂದರ್ಶನಕ್ಕೆ ಕೂತಿದ್ದ ಪ್ರಾಧ್ಯಾಪಕರು ಮೂವರೂ ಹೆಂಗಸರು. ಹಿಂದಿನ ಸಂಜೆ ಗೊಂಬೆಗಳಿಗೆಲ್ಲ ಬಟ್ಟೆ ಹೊದಿಸಿದ್ದು ತಾವೇ, ಒಂದನ್ನೂ ಬಿಟ್ಟಿರಲಿಲ್ಲ ಎಂದೂ ಹೇಳಿದರು. ಹೇಳಿ, ನನ್ನ ಉತ್ತರಕ್ಕೆ ಕಾಯದೆ, ನಮಸ್ಕರಿಸಿ ಹೋದರು.

ಸಹನಾ ಈಗ ಎರಡನೆಯ ವರ್ಷದಲ್ಲಿದ್ದಾಳೆ. ತರಗತಿಗಳು ಆ ಎಡಗಡೆಯ ಕೋಣೆಯಲ್ಲಿಯೇ ನಡೆಯುತ್ತವೆ. ಅಲ್ಲಿ ಏನಾದರೂ ಕೇಳಿಸುತ್ತದೆಯೇ ಎಂದು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದೆ. ಇಲ್ಲ ಎಂದಳು. ಈ ಸಲ ನಾನು ಅಲ್ಲಿಗೆ ಬಿಡದೆ ಇನ್ನೊಮ್ಮೆ ಕೇಳಿದೆ. ‘ಈಗ ಪ್ರಶ್ನೆ ಕೇಳೋ ಟರ್ನ್ ನಂದಲ್ವಾ ಅಪ್ಪಾ. ಅವ್ರ ಬಾಯಿ ತೆಗ್ದೇ ಇರತ್ತೆ, ಉತ್ರ ಕೊಡ್ಬೇಕಾಗಿಲ್ಲ’ ಎಂದಳು.

ಬಾಗಿಲು ತಟ್ಟಿದ್ದಕ್ಕೆ ಒಳಗಿನಿಂದ ಬಂದ ಉತ್ತರವನ್ನು ಕೇಳಿದವರಲ್ಲಿ ಓಟಾ-ಸಾನ್ ಈ ಬೇಸಿಗೆಯಲ್ಲಿ ತೀರಿಕೊಂಡರೆಂದು, ಈಗ ಸಹನಾಳ ಜೊತೆಗೇ ಓದುತ್ತಿರುವ ಅವರ ಮೊಮ್ಮಗ ಅವಳಿಗೆ ತಿಳಿಸಿದ. ಉಳಿದವರಲ್ಲಿ ಗೋಡೆಯಾಚೆ ಕೂತಿದ್ದ ಕಿತಾಗಾವಾ-ಸಾನ್ ಇದ್ದಾರೆ, ತಾವಾಗಿಯೇ ಕೇಳಿಕೊಂಡು ಈಗ ಬೇರೆ ಕಟ್ಟಡದ ಕಚೇರಿಗೆ ಹೋಗಿದ್ದಾರೆ. ಸಹನಾ ಇದ್ದಾಳೆ. ನಾನಿದ್ದೇನೆ. ಉತ್ತರ ಕೊಟ್ಟವರ ವಿಷಯದಲ್ಲಿ ನಾನು ಏನನ್ನೂ ಹೇಳಲಾರೆ.