ಎರಡು ಛಾಯೆ ತಿಳಿಯಾದ ಮುಖ

ಅವರ ಎಡಗೆನ್ನೆಯ ಮೇಲೆ ಕಾಳುಮೆಣಸಿನಂಥ ಏಳೆಂಟು ಮಚ್ಚೆಗಳಿದ್ದವು. ಯೋಚನೆಗೆ ಬಿದ್ದರೆ ತೋರುಬೆರಳು ತಾನಾಗಿ ಅಲ್ಲಿಗೆ ಹೋಗಿ ಒಂದೊಂದನ್ನೇ ಮುಟ್ಟುತ್ತಿತ್ತು. ನನ್ನ ಮಗಳ ಹೈಸ್ಕೂಲಿನಲ್ಲಿ ನಾಟಕ ಕಲಿಸುತ್ತಿದ್ದ, ಅರವತ್ತು ದಾಟಿದ ಕಪ್ಪು ಅಮೆರಿಕನ್ ಹೆಂಗಸು. ಕ್ಯಾಂಪ್‌ಬೆಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ‘ನಾಟಕದ ಮೇಡಂ’ ಎಂದೇ ಹೆಸರು. ‘ಬೇಗ ಬಂದವರಿಗೆ ಕುರ್ಚಿ, ತಡವಾಗಿ ಬಂದವರಿಗೆ ಪೊರಕೆ’ ಎನ್ನುತ್ತಿದ್ದರು. ಒಮ್ಮೆ ನನ್ನ ಕೈಯಲ್ಲೂ ರಿಹರ್ಸಲ್ ಹಾಲ್ ಗುಡಿಸಿಸಿದ್ದರು.

ಅವರೇ ಬರೆದ ಒಂದು ನಾಟಕ. ಮುಂದೆಂದೋ ಬರುವ ಒಂದು ಊರಿನಲ್ಲಿ ಯಾರು ಬೇಕಾದರೂ ಮೈಬಣ್ಣ ಬದಲಿಸಿಕೊಳ್ಳಬಹುದು. ಎಲ್ಲರೂ ಬೆಳ್ಳಗಾಗಿದ್ದಾರೆ. ಉಳಿದ ಒಬ್ಬಳೇ ಕಪ್ಪು ಮುದುಕಿಯ ಮನೆಗೆ, ಅವಳನ್ನೂ ಬೆಳ್ಳಗಾಗಿಸಲು, ಅಧಿಕಾರಿಗಳು ಬರುತ್ತಾರೆ. ‘ಇದು ನನ್ನಜ್ಜಿಯ ಬಣ್ಣ, ಬಿಟ್ಟುಕೊಡೋಕೆ ನಾನ್ಯಾರು?’ ಎನ್ನುತ್ತಾಳೆ ಮುದುಕಿ. ಆ ಪಾತ್ರ ಮೇಡಂ ಅವರದೇ. ಮೇಕಪ್ಪಿನವರು ಕೈಕೊಟ್ಟಾಗ ನನ್ನನ್ನು ಕರೆದರು. ಕನ್ನಡ ಸಂಘದ ನಾಟಕಗಳಿಗೆ ಹತ್ತು ವರ್ಷ ಬಣ್ಣ ಹಚ್ಚಿದವಳೆಂಬ ಜಂಬ ನನಗೆ.

ಮೊದಲ ಪ್ರದರ್ಶನದ ಮಧ್ಯಾಹ್ನ ಓಕ್‌ಲ್ಯಾಂಡಿನ ಫ್ರೀವೇಯಲ್ಲಿ ಟ್ರಾಫಿಕ್ಕು ಕಟ್ಟಿಕೊಂಡಿತು. ರಂಗಮಂದಿರ ತಲುಪಿದಾಗ ನಾಟಕಕ್ಕೆ ಉಳಿದದ್ದು ಅರ್ಧ ಗಂಟೆ. ಮೊದಲೇ ನಾನು ಪುಕ್ಕಲಿ. ಕೈ ಮಾತ್ರ ತನ್ನ ಅಭ್ಯಾಸದಂತೆ ನಡೆಯಿತು. ನಮ್ಮ ಸಂಘದಲ್ಲಿ ರಾಜನಿರಲಿ, ಜವಾನನಿರಲಿ, ಮೈಬಣ್ಣಕ್ಕಿಂತ ಎರಡು ಛಾಯೆ ತಿಳಿಯಾದ ಫೌಂಡೇಷನ್ ಬಳಿಯದೆ ನಾವು ಯಾರನ್ನೂ ರಂಗಕ್ಕೆ ಬಿಟ್ಟವರಲ್ಲ. ಮೇಡಂ ಕಣ್ಣುಮುಚ್ಚಿ ನಾಟಕದ ಮಾತು ಒಪ್ಪಿಸಿಕೊಳ್ಳುತ್ತಿದ್ದರು. ಅವರಿಗೂ ಅದನ್ನೇ ಬಳಿದೆ. ಮಚ್ಚೆಗಳನ್ನೂ ಮುಚ್ಚಿದೆ.

ಅವರು ಕನ್ನಡಿ ನೋಡಿದರು. ‘ಇದು ಯಾರ ಮುಖ?’ ಎಂದರು, ಮೆಲ್ಲಗೆ.

ನಾಟಕಕ್ಕೆ ಇನ್ನು ಹತ್ತೇ ನಿಮಿಷ ಎಂದು ಗಂಟೆ ಹೊಡೆಯಿತು. ಮೇಡಂ ಒದ್ದೆ ಟವೆಲ್ಲಿನಿಂದ ಎಲ್ಲವನ್ನೂ ಒರೆಸಿಕೊಂಡು, ಬರಿ ಮುಖದಲ್ಲೇ ರಂಗಕ್ಕೆ ನಡೆದರು. ನಾಟಕವನ್ನೇ ಕೆಡಿಸಿದೆನೇ, ಮತ್ತೆಂದೂ ಮಾತಾಡಿಸುವುದಿಲ್ಲವೇ ಎಂದು ಪರದೆಯ ಹಿಂದೆ ನಿಂತು ಒಂದೂವರೆ ಗಂಟೆ ಬೆವೆತೆ. ವೇದಿಕೆಯ ಮೇಲೆ ಅಧಿಕಾರಿ ಬಿಳುಪಿನ ಡಬ್ಬಿ ಚಾಚಿದ. ನನ್ನ ಕೈಯಲ್ಲೂ ಒಂದು ಡಬ್ಬಿ ಇತ್ತು. ನಾಚಿಕೆಯಿಂದ ಸತ್ತುಹೋದೆ.

ಮುಗಿದ ಮೇಲೆ ಹೋಗಿ ಕ್ಷಮೆ ಕೇಳಿದೆ. ಅವರು ಕೇಳಿದ್ದು ಒಂದೇ:

‘ಮಗಳಿಗೂ ಹೀಗೇ ಹಚ್ತೀಯಾ?’

ನನ್ನ ಮಗಳು ನಮ್ಮ ಅತ್ತೆಯ ಹಾಗೆ ಕಪ್ಪು. ಹೂವು ಹಿಡಿದು ನನ್ನ ಹಿಂದೆ ಬಂದು ನಿಂತಿದ್ದ ಅವಳೇ ಹೇಳಿದಳು: ‘ಎವ್ರಿ ಟೈಮ್.’

ಮೇಡಂ ಬೆರಳು ಕೆನ್ನೆಗೆ ಹೋಯಿತು. ‘ನಾಳೆ ಬೇಗ ಬಾ’ ಎಂದರು ನನಗೆ. ‘ಮೊದಲು ಕೂತು ಮುಖ ನೋಡು. ಡಬ್ಬಿ ಆಮೇಲೆ.’

ಮರುದಿನ ಹೋದೆ. ಕೊನೆಯ ಪ್ರದರ್ಶನದವರೆಗೂ ಅವರಿಗೆ ನಾನೇ ಬಣ್ಣ ಹಚ್ಚಿದೆ. ಮಗಳು ಮಾತ್ರ ಆ ದಿನದಿಂದ ನನ್ನ ಕೈಗೆ ಮುಖ ಕೊಡಲಿಲ್ಲ. ಸಂಘದ ನಾಟಕಗಳಲ್ಲಿ ತಾನೇ ಬಣ್ಣ ಹಚ್ಚಿಕೊಳ್ಳುತ್ತಿದ್ದಳು, ‘ನಾನು ಹಚ್ಚಲಾ’ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಹೋದ ಚಳಿಗಾಲದಲ್ಲಿ ಮೇಡಂ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಈ ಸಲದ ರಾಜ್ಯೋತ್ಸವದ ನಾಟಕಕ್ಕೆ ಮುಂಚೆ ಮಗಳು ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ನಾನು ಮೊದಲು ಅವಳ ಮುಖ ನೋಡಿದೆ, ಆಮೇಲೆ ಡಬ್ಬಿ ತೆಗೆದೆ.

‘ನಿನ್ನ ಬಣ್ಣದ್ದೇ ತಂದಿದೀನಿ ಕಣೇ’ ಎಂದೆ.

‘ಐ ನೋ, ಅಮ್ಮಾ. ನಿಮ್ಮಮ್ಮ ಒಂದಿನ ತರ್ತಾಳೆ, ವೆಯ್ಟ್ ಮಾಡು ಅಂತ ಮೇಡಂ ಹೇಳಿದ್ರು’ ಎಂದು ಕಣ್ಣುಮುಚ್ಚಿ ಮುಖವೊಡ್ಡಿದಳು.